ಕೌದಿ ಹೊದ್ದ ಫ್ರಿಜ್ಜು

ಹೋದ ತಿಂಗಳು ಒಬ್ಬ ಹುಡುಗಿ ನನ್ನ ಡೊಂಬಿವಲಿಯ ಮನೆಗೆ ಬಂದಿದ್ದಳು. ಸಮಾಜಕಾರ್ಯ ಓದಿದವಳು. ವಿದೇಶಿ ದೇಣಿಗೆಯಲ್ಲಿ ನಡೆಯುವ ಒಂದು ಸಂಸ್ಥೆಯಲ್ಲಿ ಕೆಲಸ ಸಿಕ್ಕಿದೆ, ಮೊದಲು ಏನು ಕಲಿಯಬೇಕು ಆಂಟಿ ಎಂದು ಕೇಳಿದಳು. ಯಾರ ಮನೆಯಲ್ಲಿ ಎಂಥ ಚಹಾ ಕೊಟ್ಟರೂ ಪೂರ್ತಿ ಕುಡಿಯಲು ಕಲಿ ಎಂದೆ. ಅದನ್ನು ಅವಳು ಡೈರಿಯಲ್ಲಿ ಬರೆದುಕೊಂಡು, ಕೆಳಗೆ ಗೆರೆ ಎಳೆದಳು. ಪಾಪ, ಇವಳಿಗೆ ಇನ್ನೂ ಸ್ವಲ್ಪ ಹೇಳಬೇಕು ಅನಿಸಿತು. ಎದುರಿಗೆ ಕೂರಿಸಿಕೊಂಡು ಹೇಳುವ ಧೈರ್ಯವಾಗಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನಮ್ಮ ಊರು ಕುಂದಾಪುರದ ಹತ್ತಿರ. ಅಪ್ಪ ಡೊಂಬಿವಲಿ ಸ್ಟೇಷನ್ನಿನ ಹೊರಗೆ ಒಂದು ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದರು. ನಾನು ಓದಿದ್ದು ಮರಾಠಿಯಲ್ಲಿ, ಮನೆಯಲ್ಲಿ ಮಾತಾಡಿದ್ದು ಕನ್ನಡದಲ್ಲಿ. ಬೇಲಾಪುರದ ಸಂಸ್ಥೆಯೊಂದಕ್ಕೆ ಕಲಬುರಗಿ, ವಿಜಯಪುರ, ರಾಯಚೂರು ಕಡೆಯ ಕೂಲಿಕಾರರ ನಡುವೆ ಕೆಲಸ ಮಾಡಲು ಕನ್ನಡ ಬಲ್ಲವರು ಬೇಕಿದ್ದರು. ನಿರ್ದೇಶಕರಾದ ಗುಪ್ತೆ ಸರ್‌ಗೆ ಕನ್ನಡವೆಲ್ಲ ಒಂದೇ. ನನ್ನ ಕನ್ನಡ ಆ ಹೆಂಗಸರಿಗೆ ಅರ್ಥವಾಗಲು ಆರು ತಿಂಗಳು ಹಿಡಿಯಿತು, ಅವರ ಕನ್ನಡ ನನಗೆ ಅರ್ಥವಾಗಲು ಒಂದು ವರ್ಷ. ಅಲ್ಲಿಯವರೆಗೆ ಎರಡೂ ಕಡೆಯವರು ಹಿಂದಿಯಲ್ಲಿ ಮಾತಾಡಿಕೊಂಡೆವು. ಆಮೇಲೆ ನನಗೆ ಎರಡು ಬಡ್ತಿ ಸಿಕ್ಕಿತು, ಅದರ ವಿಷಯ ಇಲ್ಲಿ ಬೇಡ.

ಮೊದಲ ಕೆಲಸ ಕಲ್ಯಾಣ ಸ್ಟೇಷನ್ನಿನ ಆಚೆ ಒಂದು ಕಟ್ಟಡದ ಸೈಟಿನಲ್ಲಿ. ದಿನಕ್ಕೆ ಎಷ್ಟು ಸಲ ಸಾಬೂನು ಹಚ್ಚಿ ಕೈ ತೊಳೆಯುತ್ತೀರಿ ಎಂದು ಮನೆಮನೆಗೆ ಹೋಗಿ ಕೇಳಿ ಬರೆಯಬೇಕಿತ್ತು. ಮೊದಲ ಗುಡಿಸಲಿನ ಹೆಂಗಸು ನನ್ನ ಮುಖ ನೋಡಿ, ನಿಮಗ ಎಷ್ಟು ಬೇಕ್ರಿ ಎಂದು ಕೇಳಿದಳು. ನಾನು ಹೊಸಬಳು. ಐದಾದರೂ ಇರಬೇಕು ಎಂದುಬಿಟ್ಟೆ. ನಾನು ಪಕ್ಕದ ಗುಡಿಸಲು ತಲುಪುವ ಮೊದಲೇ ಐದು ಅಲ್ಲಿಗೆ ತಲುಪಿತ್ತು. ಕೊನೆಯ ಸಾಲಿಗೆ ಬರುವಾಗ ನಾನು ಬಾಯಿ ತೆರೆಯುವ ಮುಂಚೆಯೇ ಐದು ಎನ್ನುತ್ತಿದ್ದರು. ಮಕ್ಕಳೆಷ್ಟು ಎಂದು ಕೇಳಿದರೆ ಒಬ್ಬ ಅದಕ್ಕೂ ಐದು ಎಂದ, ಅವನಿಗಿದ್ದದ್ದು ಎರಡು. ಆ ವರದಿಗೆ ಜನರ ಅಭ್ಯಾಸ ಬಹಳ ಏಕರೂಪವಾಗಿದೆ ಎಂದು ಮೆಚ್ಚುಗೆ ಬಂತು.

ಇದನ್ನು ಮೋಸ ಎಂದು ತಿಳಿಯಬೇಡಿ. ಮನೆಗೆ ಬಂದವರು ಬರಿಗೈಯಲ್ಲಿ ಹೋಗಬಾರದು ಎನ್ನುವುದು ಅವರ ಕಡೆಯ ಮರ್ಯಾದೆ. ಬಂದವಳಿಗೆ ಐದು ಬೇಕಿತ್ತು, ಅವರ ಹತ್ತಿರ ಇತ್ತು, ಕೊಟ್ಟರು.

ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದ ಪಕ್ಕದ ಒಂದು ಸಭಾಭವನದಲ್ಲಿ ನಮಗೆಲ್ಲ ತರಬೇತಿಯಾಯಿತು. ರಾಸಾಯನಿಕದ ವಾಸನೆಗೆ ಕಿಟಕಿ ಮುಚ್ಚಿದ್ದರು. ಹೊರದೇಶದಿಂದ ಬಂದ ತರಬೇತುದಾರ ನಮ್ಮನ್ನು ಸಾಲಾಗಿ ನಿಲ್ಲಿಸಿದ. ಮನೆಯಲ್ಲಿ ಪುಸ್ತಕ ಇದ್ದವರು ಒಂದು ಹೆಜ್ಜೆ ಮುಂದೆ ಬನ್ನಿ, ಸ್ವಂತ ಮನೆ ಇದ್ದವರು ಒಂದು ಹೆಜ್ಜೆ ಮುಂದೆ ಬನ್ನಿ, ಹೀಗೆ. ಯಾರು ಎಷ್ಟು ಭಾಗ್ಯವಂತರು ಎಂದು ಅವರವರಿಗೇ ತಿಳಿಯಲಿ ಎನ್ನುವುದು ಉದ್ದೇಶ. ನಮ್ಮಲ್ಲಿ ಒಬ್ಬರೂ ಅಲುಗಲಿಲ್ಲ. ಠಾಣೆ ನಗರದಲ್ಲಿ ಎರಡು ಫ್ಲ್ಯಾಟ್ ಇದ್ದ ಗುಪ್ತೆ ಸರ್ ಗೋಡೆಗೆ ಒರಗಿ ನಿಂತಿದ್ದರು. ನನ್ನ ಹೆಸರಿನಲ್ಲೂ ಮನೆ ಇತ್ತು, ಆದರೆ ಸಾಲ ತೀರಿಲ್ಲವಲ್ಲ ಎಂದು ನಾನೂ ನಿಂತೆ. ಚಹಾದ ಲೋಟ ಒಯ್ಯಲು ಬಂದ ಸಫಾಯಿಯ ಹೆಂಗಸು ಮಾತ್ರ ಸ್ವಂತ ಮನೆ ಎಂದ ಕೂಡಲೇ ಎರಡು ಹೆಜ್ಜೆ ಮುಂದೆ ಬಂದು, ತಗಡಿನ ಪತ್ರಾದ್ದೇ ಆದರೂ ನನ್ನದೇ ಎಂದು ಮರಾಠಿಯಲ್ಲಿ ಹೇಳಿದಳು. ಆ ದಿನ ನಮ್ಮೆಲ್ಲರಿಗಿಂತ ಭಾಗ್ಯವಂತಳು ಅವಳೇ ಎಂದು ತೀರ್ಮಾನವಾಯಿತು.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಠಾಣೆಯಿಂದ ವಾಶಿಗೆ ಲೋಕಲ್ ಶುರುವಾದ ಹೊಸತರಲ್ಲಿ ನನಗೆ ಆ ದಾರಿಯ ರಬಾಳೆ ಕೊಟ್ಟರು. ಕಾರ್ಖಾನೆಗಳ ಹಿಂದೆ, ಗುಡ್ಡದ ಬುಡದಲ್ಲಿ, ಪತ್ರಾ ಮನೆಗಳ ಒಂದು ಬಸ್ತಿ. ಗಂಡಸರು ಲಾರಿಗೆ ಮಾಲು ಹೇರುವವರು, ಹೆಂಗಸರು ಪ್ಯಾಕಿಂಗ್ ಕೆಲಸಕ್ಕೋ ಸೈಟಿಗೋ ಹೋಗುವವರು. ಅಲ್ಲಿ ನಾವು ಒಂದು ಬಾಲವಾಡಿ ನಡೆಸುತ್ತಿದ್ದೆವು. ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ, ತೊಟ್ಟಿಲ ಕೂಸಿನಿಂದ ಐದು ವರ್ಷದ ಮಕ್ಕಳವರೆಗೆ. ಅದರಿಂದ ಉಪಕಾರವಾಗುತ್ತಿದ್ದದ್ದು ಕೂಸುಗಳಿಗಿಂತ ಹೆಚ್ಚಾಗಿ ಅವುಗಳ ಅಕ್ಕಂದಿರಿಗೆ. ತಾಯಿ ಕೆಲಸಕ್ಕೆ ಹೋದರೆ ಕೂಸನ್ನು ನೋಡಿಕೊಳ್ಳುವವಳು ಅಕ್ಕ. ಬಾಲವಾಡಿ ಇದ್ದರೆ ಅಕ್ಕ ಶಾಲೆಗೆ ಹೋಗುತ್ತಾಳೆ, ಇಲ್ಲದಿದ್ದರೆ ಮನೆಯಲ್ಲಿ ಕೂರುತ್ತಾಳೆ. ಇದರಲ್ಲಿ ತಿಳಿಯದಂಥದ್ದು ಏನೂ ಇಲ್ಲ.

ಶರಣಮ್ಮ ಆ ಬಸ್ತಿಯ ಹೆಂಗಸು. ಕಲಬುರಗಿ ಕಡೆಯವಳು, ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು, ಆದರೆ ಮಾತಿಗೆ ನಿಂತರೆ ನನ್ನನ್ನು ಕೂರಿಸುವವಳು. ಯೋಜನೆ ಶುರುವಾಗುವಾಗ ಯಾರ ಮನೆಯಲ್ಲಿ ಏನೇನಿದೆ ಎಂದು ಎಣಿಸಬೇಕಿತ್ತು. ಫ್ಯಾನು, ಟಿವಿ, ಗ್ಯಾಸು, ಕಪಾಟು. ಎಲ್ಲರೂ ಹೆಮ್ಮೆಯಿಂದ ತೋರಿಸಿದರು. ಶರಣಮ್ಮ ಹಳೆಯ ಟಿವಿಯೊಂದನ್ನು ಆಗಷ್ಟೇ ಕೊಂಡಿದ್ದಳು. ಅದನ್ನು ತೋರಿಸಿ ಸುಮ್ಮನಾಗಲಿಲ್ಲ, ಹಚ್ಚಿ, ಪ್ಲಾಸ್ಟಿಕ್ ಕುರ್ಚಿ ಹಾಕಿ ನನ್ನನ್ನು ಕೂರಿಸಿ, ಒಂದು ಧಾರಾವಾಹಿಯ ಅರ್ಧ ಕಂತು ತೋರಿಸಿದಳು. ಟಿವಿ ಇದೆ ಎಂದು ಬರೆದುಕೊಂಡೆ.

ಅದೇ ಮಳೆಗಾಲ ನಾಲೆಯ ನೀರು ಬಸ್ತಿಗೆ ನುಗ್ಗಿತು. ಪಾತ್ರೆ, ಚಾದರ, ಸ್ಟವ್ ಹಂಚಲು ಹಣ ಬಂತು, ಆದರೆ ಎಲ್ಲರಿಗೂ ಸಾಲುವಷ್ಟು ಅಲ್ಲ. ಹೆಚ್ಚು ಬಡವರಿಗೆ ಮೊದಲು ಕೊಡಿ ಎಂದು ಸೂಚನೆ. ಹೆಚ್ಚು ಬಡವರು ಯಾರೆಂದು ನನ್ನ ಎಣಿಕೆಯ ಪಟ್ಟಿಯಲ್ಲೇ ಇತ್ತಲ್ಲ. ಟಿವಿ ಇದ್ದವರ ಹೆಸರು ಹೊಡೆದು ಹಾಕಿದೆವು. ಶರಣಮ್ಮನ ಟಿವಿ ನಾಲೆಯ ನೀರಿನಲ್ಲಿ ಎರಡು ದಿನ ಮುಳುಗಿ ಸತ್ತಿತ್ತು, ಪಟ್ಟಿಯಲ್ಲಿ ಮಾತ್ರ ಬದುಕಿತ್ತು. ಪಕ್ಕದ ಮನೆಯವಳು ಪಾತ್ರೆಯ ಚೀಲ ಹೊತ್ತು ಹೋಗುವುದನ್ನು ನೋಡುತ್ತ ನಿಂತವಳು ನನ್ನ ಹತ್ತಿರ ಬಂದು, ಟಿವಿ ತೋರ್ಸಿದ್ದು ತಪ್ಪಾತ್ರಿ ಅಕ್ಕಾರ ಎಂದಳು. ಜಗಳವಾಡಲಿಲ್ಲ. ಜಗಳವಾಡಿದ್ದರೆ ನನಗೆ ಹಗುರವಾಗುತ್ತಿತ್ತು.

ಮುಂದಿನ ವರ್ಷ ನಾನು ಪಟ್ಟಿ ಹಿಡಿದು ಹೋದಾಗ ಬಸ್ತಿಯ ಯಾವ ಮನೆಯಲ್ಲೂ ಟಿವಿ ಇರಲಿಲ್ಲ. ಮೂಲೆಯಲ್ಲಿ ಕೌದಿಗಳ ಗುಡ್ಡೆ ಇತ್ತು. ಹಳೆಯ ಸೀರೆ, ಧೋತರದ ತುಂಡುಗಳನ್ನು ಸೇರಿಸಿ ಹೊಲಿದ ಕೌದಿ ಅವರ ಪ್ರತಿ ಮನೆಯಲ್ಲೂ ಇರುತ್ತದೆ, ಹಾಸಲೂ ಅದೇ, ಹೊದೆಯಲೂ ಅದೇ. ಆ ವರ್ಷ ಕೌದಿಗಳಿಗೆ ಚೌಕಾಕಾರ ಬಂದಿತ್ತು. ಮೇಲೆ ಆಂಟೆನಾದ ಕೊಂಬು ಕಾಣುತ್ತಿದ್ದ ಕೌದಿಯನ್ನೂ ನೋಡಿದೆ. ನನಗೆ ಗೊತ್ತಿತ್ತು. ನನಗೆ ಗೊತ್ತೆಂದು ಅವರಿಗೂ ಗೊತ್ತಿತ್ತು. ಟಿವಿ ಇಲ್ಲ ಎಂದು ಬರೆದುಕೊಂಡೆ.

ಅವರನ್ನು ದೂರುವ ಬಾಯಿ ನನಗಿಲ್ಲ. ದಾನಿಗಳು ಬೇಲಾಪುರಕ್ಕೆ ಬರುವ ದಿನ ಆಫೀಸಿನ ಎ.ಸಿ. ಬಂದ್ ಮಾಡಿ, ಅದರ ಮೇಲೆ ವಾರ್ಲಿ ಆದಿವಾಸಿ ಚಿತ್ರದ ಒಂದು ಬಟ್ಟೆ ಇಳಿಬಿಡುವುದು ಗುಪ್ತೆ ಸರ್ ಹಾಕಿದ ಪದ್ಧತಿ. ಆ ದಿನ ಅವರು ಖಾದಿ ಜುಬ್ಬಾ ಹಾಕಿ ಬೆವರುತ್ತಿದ್ದರು. ನಾನು ಚಿನ್ನದ ಸರ ಮನೆಯಲ್ಲಿ ಬಿಚ್ಚಿಟ್ಟು ಕೈಮಗ್ಗದ ಸೀರೆ ಉಟ್ಟು ಹೋಗುತ್ತಿದ್ದೆ. ಬರುವ ದಾನಿಗಳೂ ಕಡಿಮೆಯವರಲ್ಲ. ವಾಶಿಯ ದೊಡ್ಡ ಹೋಟೆಲಿನಿಂದ ಬಂದ ಕಾರನ್ನು ಹೈವೇಯಲ್ಲೇ ನಿಲ್ಲಿಸಿ, ಅಲ್ಲಿಂದ ರಿಕ್ಷಾ ಹಿಡಿದು ಬಸ್ತಿಗೆ ಬಂದು, ಪೂನಾದಲ್ಲಿ ಕೊಂಡ ಕೋಲ್ಹಾಪುರಿ ಚಪ್ಪಲಿಯಲ್ಲಿ ಎಡವುತ್ತಿದ್ದರು. ಅವರು ನಮ್ಮ ಕಣ್ಣಿಗೆ ಸರಳ ಕಾಣಬೇಕು, ನಾವು ಅವರ ಕಣ್ಣಿಗೆ. ಬಸ್ತಿಯವರು ಇಬ್ಬರ ಕಣ್ಣಿಗೂ ಬಡವರು ಕಾಣಬೇಕು. ಹೀಗೆ ಎಲ್ಲರೂ ಏನಾದರೊಂದರ ಮೇಲೆ ಬಟ್ಟೆ ಹೊದಿಸಿಕೊಂಡು ಐದಾರು ವರ್ಷ ಚೆನ್ನಾಗಿಯೇ ನಡೆದುಕೊಂಡು ಹೋಯಿತು. ಬಾಲವಾಡಿಯೂ ನಡೆಯಿತು. ಶರಣಮ್ಮನ ಹಿರಿಮಗಳು ಕಸ್ತೂರಿ ಐದನೆ ಕ್ಲಾಸಿಗೆ ಬಂದಳು. ಎರಡು ವರ್ಷದ ತಮ್ಮ ಬಾಲವಾಡಿಯಲ್ಲಿ ಮಲಗಿರುತ್ತಿದ್ದ.

ಆಮೇಲೆ ವಿಧಾನ ಬದಲಾಯಿತು. ಗುಪ್ತೆ ಸರ್ ಯಾವುದೋ ಕಾರ್ಯಾಗಾರಕ್ಕೆ ಹೋಗಿ ಬಂದು, ಇನ್ನು ಮೇಲೆ ದಾನಿಗಳು ಕೊರತೆ ಕೇಳುವುದಿಲ್ಲ, ಬದಲಾವಣೆ ಕೇಳುತ್ತಾರೆ ಎಂದರು. ಬಾಲವಾಡಿಯ ಹಣ ಇನ್ನು ಮೂರು ವರ್ಷ ಮುಂದುವರಿಯುತ್ತದೋ ಇಲ್ಲವೋ ಎಂದು ನಿರ್ಧರಿಸಲು ಯುರೋಪಿನಿಂದ ಹೆಲೆನ್ ಎನ್ನುವವರು ಬರುವವರಿದ್ದರು. ಮೊದಲ ವರ್ಷದ ನನ್ನ ಎಣಿಕೆ ಅವರ ಕೈಯಲ್ಲಿತ್ತು. ತಾಯಂದಿರು ನಿಶ್ಚಿಂತೆಯಿಂದ ಕೆಲಸಕ್ಕೆ ಹೋಗಿದ್ದರೆ ಮನೆಯಲ್ಲಿ ನಾಲ್ಕು ಸಾಮಾನು ಹೆಚ್ಚಾಗಿರಬೇಕು, ಅದನ್ನು ಹೋಲಿಸಿ ನೋಡುತ್ತಾರೆ.

ನಾನು ಬಸ್ತಿಗೆ ಹೋಗಿ ಹೆಂಗಸರನ್ನು ಸೇರಿಸಿ ಹೇಳಿದೆ. ಈ ಸಲ ಇದ್ದದ್ದನ್ನೆಲ್ಲ ತೋರಿಸಿ, ಇದ್ದರೇನೇ ಬಾಲವಾಡಿ ಉಳಿಯುವುದು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಶರಣಮ್ಮ ನಕ್ಕಳು.

"ಮೊದಲ್ನೇ ಸಲನೂ ಖರೇ ಹೇಳ್ರಿ ಅಂದಿದ್ರಿ ಅಕ್ಕಾರ. ಹೇಳಿದ್ವಿ."

ಈ ಸಲ ಹಾಗಾಗುವುದಿಲ್ಲ ಎಂದೆ. ನೋಡೂಣ ತಗೋರಿ ಎಂದಳು. ಅವರ ಕಡೆ ನೋಡೂಣ ಎಂದರೆ ಆಗುವುದಿಲ್ಲ ಎಂದು ಅರ್ಥ, ಅದು ನನಗೆ ಗೊತ್ತಿತ್ತು. ಇನ್ನೊಂದು ಸಲ ಹೋಗಿ ಒತ್ತಾಯ ಮಾಡಬೇಕಿತ್ತು. ಆ ವಾರ ಆಫೀಸಿನಲ್ಲಿ ಸ್ಲೈಡು ತಯಾರಿಸುವ ಕೆಲಸವಿತ್ತು, ಹೋಗಲಿಲ್ಲ.

ಹೆಲೆನ್ ಒಳ್ಳೆಯ ಹೆಂಗಸು. ಕೊಟ್ಟ ಚಹಾವನ್ನೆಲ್ಲ ಕುಡಿದರು, ಮಕ್ಕಳ ಹೆಸರು ನೆನಪಿಟ್ಟುಕೊಂಡರು. ಐದಾರು ಮನೆ ನೋಡಿ ಶರಣಮ್ಮನ ಮನೆಗೆ ಬಂದೆವು. ಪ್ಲಾಸ್ಟಿಕ್ ಕುರ್ಚಿ ಹಾಕಿದಳು. ಮೂಲೆಯಲ್ಲಿ ಎದೆಮಟ್ಟದ ಒಂದು ಕೌದಿಗುಡ್ಡೆ ನಿಂತಿತ್ತು. ಅದರ ಕೆಳಗೆ ಏನಿದೆ ಎಂದು ನನಗೆ ಗೊತ್ತು. ಎರಡು ತಿಂಗಳ ಹಿಂದೆ ಕಾರ್ಖಾನೆಯ ಸೂಪರ್‌ವೈಸರನ ಹಳೆಯ ಫ್ರಿಜ್ಜನ್ನು ಕಂತಿನಲ್ಲಿ ಕೊಂಡಿದ್ದಳು, ಅದನ್ನು ಹೊತ್ತು ತಂದ ಸುದ್ದಿ ಇಡೀ ಬಸ್ತಿಗೆ ಗೊತ್ತಿತ್ತು. ಹೆಲೆನ್ ಎದ್ದು ಹೋಗಿ ಕೌದಿಯ ಹೊಲಿಗೆ ಮುಟ್ಟಿ ನೋಡಿ, ಎಷ್ಟು ಚಂದ ಎಂದರು. ನಾನು ಅನುವಾದ ಮಾಡಿದೆ. ಶರಣಮ್ಮ ಕೌದಿಗೂ ಹೆಲೆನ್‌ಗೂ ನಡುವೆ ಬಂದು ನಿಂತು, ನಮ್ಮವ್ವ ಹೊಲದದ್ರಿ ಎಂದಳು.

ಆಗ ಫ್ರಿಜ್ಜು ಶುರುವಾಯಿತು. ಹಳೆಯ ಫ್ರಿಜ್ಜು ಹೇಗೆ ಶುರುವಾಗುತ್ತದೆ ಎಂದು ಗೊತ್ತಲ್ಲ, ಮೊದಲು ಒಂದು ಸಲ ಮೈಕೊಡವಿ ಆಮೇಲೆ ಗುರ್ ಎನ್ನುತ್ತದೆ. ಕೌದಿಯ ಅಂಚು ನಡುಗತೊಡಗಿತು. ಇದೇನು ಶಬ್ದ ಎಂದು ಹೆಲೆನ್ ನನ್ನನ್ನು ಕೇಳಿದರು. ಶರಣಮ್ಮನಿಗೆ ಇಂಗ್ಲಿಷ್ ಬರದು, ಆದರೆ ಏನು ಕೇಳಿದರು ಎಂದು ತಿಳಿಯಿತು. ಅವಳು ನನ್ನನ್ನು ನೋಡಿದಳು. ಬಿಟ್ಟುಕೊಡಬೇಡಿ ಎನ್ನುವ ನೋಟ. ಹೊರಗಿನವರ ಎದುರು ಅವಳ ಮನೆಯೊಳಗೆ ನಿಂತು ಅವಳನ್ನು ಸುಳ್ಳುಗಾರ್ತಿ ಮಾಡಲು ನನ್ನ ನಾಲಗೆ ಏಳಲಿಲ್ಲ.

ನೀರಿನ ಪಂಪು ಎಂದೆ.

ಆ ಬಸ್ತಿಯಲ್ಲಿ ಪಂಪು ಇರಲಿಲ್ಲ. ನೀರಿಗಾಗಿ ನಾವೇ ವರ್ಷಾನುಗಟ್ಟಲೆ ಅರ್ಜಿ ಬರೆಯುತ್ತಿದ್ದೆವು, ಅರ್ಜಿಗಳ ಪ್ರತಿ ಹೆಲೆನ್ ಅವರ ಚೀಲದಲ್ಲೇ ಇತ್ತು. ಅವರು ತಲೆಯಾಡಿಸಿ, ಕಾಗದದಲ್ಲಿ ಏನೋ ಬರೆದುಕೊಂಡರು. ಫ್ರಿಜ್ಜು ಎಂಬಲ್ಲಿ ಇಲ್ಲ ಎಂದು ಬರೆದದ್ದು ನನಗೆ ಕಂಡಿತು.

ಎರಡು ತಿಂಗಳ ಮೇಲೆ ಬೇಲಾಪುರದ ಆಫೀಸಿಗೆ ಮೇಲ್ ಬಂತು. ಗುಪ್ತೆ ಸರ್ ಎ.ಸಿ. ಹಚ್ಚಿಕೊಂಡು ಅದನ್ನು ಗಟ್ಟಿಯಾಗಿ ಓದಿದರು. ಮೊದಲ ವರ್ಷಕ್ಕೆ ಹೋಲಿಸಿದರೆ ಮನೆಗಳಲ್ಲಿ ಸಾಮಾನು ಕಡಿಮೆಯಾಗಿದೆ ಎಂದು ಕಂಡುಬಂದಿತ್ತು. ಅಂದರೆ ನಾವು ಇಷ್ಟು ವರ್ಷ ಕಷ್ಟಪಟ್ಟು ಆ ಬಸ್ತಿಯನ್ನು ಇನ್ನಷ್ಟು ಬಡತನಕ್ಕೆ ಇಳಿಸಿದ್ದೆವು. ಈ ಕಾರಣಕ್ಕೆ ಬಾಲವಾಡಿಯ ಹಣವನ್ನು ಮಾರ್ಚ್ ಕೊನೆಗೆ ನಿಲ್ಲಿಸಲಾಗುವುದು. ಕೌದಿಗಳು ಮಾತ್ರ ಬಹಳ ಸುಂದರವಾಗಿವೆ, ಅವುಗಳ ಮಾರಾಟದ ಬಗ್ಗೆ ಒಂದು ಯೋಜನೆ ಕಳಿಸಿದರೆ ಪರಿಶೀಲಿಸಬಹುದು.

ಇದು ನಿಜವೇ ಎಂದು ಸರ್ ಕೇಳಿದರು. ಅಲ್ಲ, ಎಲ್ಲರ ಹತ್ತಿರ ಟಿವಿ ಇದೆ, ಕೆಲವರ ಹತ್ತಿರ ಫ್ರಿಜ್ಜೂ ಇದೆ, ನಾನೇ ಪಂಪು ಎಂದು ಹೇಳಿದೆ ಎಂದೆ. ಇದ್ದದ್ದನ್ನು ಇದ್ದ ಹಾಗೆ ಹೆಲೆನ್‌ಗೆ ಬರೆಯುತ್ತೇನೆ ಎಂದೂ ಹೇಳಿದೆ. ಅದಕ್ಕೆ ಸರ್, ಬರೆದರೆ ನಮ್ಮ ಉಳಿದ ಯೋಜನೆಗಳನ್ನೂ ನಂಬುವುದಿಲ್ಲ ವಸಂತಿ ಮೇಡಂ, ಕಲ್ಯಾಣದ್ದೂ ಹೋಗುತ್ತದೆ, ಆಗ ನಿಮ್ಮ ಕೆಲಸವೂ ಎಂದರು. ಅವರು ಹೆದರಿಸುತ್ತಿರಲಿಲ್ಲ, ನಡೆಯುವುದನ್ನು ಹೇಳಿದರು. ನಾನು ಪತ್ರ ಬರೆದಿದ್ದೆ, ಕಳಿಸಲಿಲ್ಲ. ನನ್ನ ಮನೆಸಾಲ ಇನ್ನೂ ಇತ್ತು. ಇದಕ್ಕಿಂತ ಒಳ್ಳೆಯ ಕಾರಣ ನನ್ನ ಹತ್ತಿರ ಇಲ್ಲ.

ಮಾರ್ಚಿನಲ್ಲಿ ಬಾಲವಾಡಿಗೆ ಬೀಗ ಬಿತ್ತು. ಜೂನಿನಲ್ಲಿ ಶಾಲೆ ತೆರೆಯಿತು, ಕಸ್ತೂರಿ ಆರನೆ ಕ್ಲಾಸಿಗೆ ಹೋಗಲಿಲ್ಲ. ತಮ್ಮನನ್ನು ಸೊಂಟದ ಮೇಲೆ ಹೊತ್ತು ಬಾಗಿಲಲ್ಲಿ ನಿಂತಿರುತ್ತಾಳೆ ಎಂದು ಯಾರೋ ಹೇಳಿದರು. ನನ್ನನ್ನು ಕಲ್ಯಾಣಕ್ಕೆ ಹಾಕಿದರು. ಆಮೇಲಿನ ವರ್ಷಗಳಲ್ಲಿ ಬೇಲಾಪುರದ ಮೀಟಿಂಗಿಗೆ ಹೋಗುವಾಗಲೆಲ್ಲ ರೈಲು ರಬಾಳೆಯಲ್ಲಿ ನಿಲ್ಲುತ್ತಿತ್ತು. ನಿಂತಷ್ಟು ಹೊತ್ತು ನಾನು ಮೊಬೈಲು ನೋಡುತ್ತಿದ್ದೆ. ನಾಚಿಕೆಯಾಗುತ್ತಿತ್ತು, ಮತ್ತೇನಿಲ್ಲ.

ನಿವೃತ್ತಿಯಾದ ಮೇಲೆ, ಇನ್ನು ಯಾರ ಕೆಲಸವೂ ಹೋಗುವುದಿಲ್ಲ ಎಂದು ಖಾತ್ರಿಯಾದ ಮೇಲೆ, ಶರಣಮ್ಮನಿಗೆ ಫೋನ್ ಮಾಡಿ ಒಂದು ಭಾನುವಾರ ಹೋದೆ. ಮನೆಗೆ ಈಗ ಇಟ್ಟಿಗೆ ಗೋಡೆ. ಪ್ಲಾಸ್ಟಿಕ್ ಕುರ್ಚಿ ಸಿದ್ಧವಾಗಿತ್ತು. ಮೂಲೆಯಲ್ಲಿ ಕೌದಿಗುಡ್ಡೆ ಮೊದಲಿಗಿಂತ ಎತ್ತರವಾಗಿತ್ತು. ಫೋನ್ ಮಾಡಿ ಹೋದದ್ದು ನನ್ನದೇ ತಪ್ಪು. ಕುರ್ಚಿಯ ಮೇಲೆ ಕೂತು, ನಾನು ರಿಟೈರ್ ಆದೆ ಶರಣಮ್ಮ ಎಂದೆ.

"ಹಂಗಾರ ಇನ್ನ ಏನೂ ಬರಕೊಳ್ಳೂದಿಲ್ಲೇನ್ರಿ?"

ಇಲ್ಲ ಎಂದೆ. ಅವಳು ನನ್ನ ಚೀಲದ ಕಡೆ ಒಂದು ಸಲ ನೋಡಿದಳು, ಕಾಗದವಿಲ್ಲ ಎಂದು ಖಾತ್ರಿ ಮಾಡಿಕೊಂಡಳು. ಎದ್ದು ಕೌದಿಯನ್ನು ಎಳೆದಳು. ಹೊಸ ಫ್ರಿಜ್ಜು, ಎರಡು ಬಾಗಿಲಿನದ್ದು. ಎಳೆದ ಕೌದಿಯನ್ನು ಮಡಚಿ ನೆಲದ ಮೇಲೆ ಹಾಸಿ, ಕುರ್ಚಿ ಬ್ಯಾಡ್ರಿ, ಕೆಳಗ ಕೂಡ್ರಿ ಎಂದಳು. ಇಷ್ಟು ವರ್ಷದಲ್ಲಿ ಆ ಮನೆಯಲ್ಲಿ ನಾನು ನೆಲದ ಮೇಲೆ ಕೂತದ್ದು ಅದೇ ಮೊದಲು. ಫ್ರಿಜ್ಜಿನಿಂದ ತಣ್ಣೀರು ತೆಗೆದು ಕೊಟ್ಟಳು, ಕುಡಿದೆ.

ಒಲೆಯ ಹತ್ತಿರ ಕಸ್ತೂರಿ ಇದ್ದಳು, ಹದಿನೇಳು ವರ್ಷದವಳು. ಅವಳಿಗೆ ತಾಯಿ ನನ್ನ ಗುರುತು ಹೇಳಿದಳು.

"ಇವರಽ ನೋಡು. ಆ ಫಾರಿನ್ ಬಾಯಾರ ಮುಂದ ಪಂಪು ಅಂತ ಹೇಳಿ ನನ್ನ ಮರ್ಯಾದಿ ಉಳಸಿದ ಅಕ್ಕಾರು."

ಇಷ್ಟು ವರ್ಷ ಅವಳು ನನ್ನನ್ನು ನೆನೆದದ್ದು ಅದಕ್ಕೆ. ನಾನು ಹೇಳಲೆಂದೇ ಬಂದ ಮಾತು ಬಾಯಿಗೆ ಬರುವ ಮೊದಲೇ ಕಸ್ತೂರಿ ಒಂದು ಫಾರ್ಮು ತಂದು ನನ್ನ ಮುಂದೆ ಇಟ್ಟಳು. ಶಾಲೆಗೆ ಹೋಗದೆ ಹೊರಗಿನಿಂದ ಹತ್ತನೆ ಪರೀಕ್ಷೆಗೆ ಕೂರುವವರು ತುಂಬುವ ಸತ್ರಾ ನಂಬರ್ ಫಾರ್ಮು. ತಮ್ಮ ದೊಡ್ಡವನಾಗಿ ಶಾಲೆಗೆ ಹೋಗುತ್ತಿದ್ದಾನೆ, ತಾನು ಈಗ ಒಂದು ಅಂಗಡಿಯಲ್ಲಿ ಬಿಲ್ ಮಾಡುತ್ತೇನೆ, ಪರೀಕ್ಷೆ ಕೊಡಬೇಕು, ತಪ್ಪಿಲ್ಲದೆ ತುಂಬಿ ಕೊಡಿ ಎಂದಳು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಹಿಂದಿಯಲ್ಲೇ ಉತ್ತರ. ಜೊತೆಗೆ ಹಳೆಯ ಶಾಲೆಯ ದಾಖಲೆಪತ್ರ ಕೊಟ್ಟಳು, ಅದನ್ನು ನೋಡಿಕೊಂಡು ತುಂಬತೊಡಗಿದೆ. ಅದರಲ್ಲಿ ಶಾಲೆ ಬಿಟ್ಟ ಕಾರಣ ಎಂಬ ಕಾಲಮ್ಮಿನ ಎದುರು ಮಾಸ್ತರರು ಮರಾಠಿಯಲ್ಲಿ ಬರೆದಿದ್ದರು: ಮನೆಯ ಅಡಚಣೆ.

ನನ್ನ ಪೆನ್ನು ಅಲ್ಲೇ ನಿಂತಿತು. ಮನೆಯ ಅಡಚಣೆ ಅಲ್ಲ ಕಸ್ತೂರಿ ಎಂದೆ. ಆ ದಿನ ಫ್ರಿಜ್ಜು ಎಂದು ಹೇಳಿದ್ದರೆ ಬಾಲವಾಡಿ ಉಳಿಯುತ್ತಿತ್ತು, ಪಂಪು ಎಂದಿದ್ದಕ್ಕೆ ಮುಚ್ಚಿತು, ಆಮೇಲೆ ಸರಿಮಾಡಲು ಬರೆದ ಪತ್ರವನ್ನೂ ನಾನು ಕಳಿಸಲಿಲ್ಲ, ನೀನು ಮನೆಯಲ್ಲಿ ಉಳಿದದ್ದು ಇದರಿಂದ ಎಂದು ಎಲ್ಲ ಹೇಳಿದೆ. ಶರಣಮ್ಮ ಬಾಗಿಲ ಕಡೆ ನೋಡುತ್ತ ಕೂತಳು. ಫ್ರಿಜ್ಜು ಹೊಸದಾದ್ದರಿಂದ ಸದ್ದು ಮಾಡಲಿಲ್ಲ. ಅವಳು, ಕೌದಿ ಹೊಚ್ಚಿದಾಕಿ ನಾನಽ ಅಲ್ಲೇನ್ರಿ ಎಂದಳು. ಹೊದಿಸಲು ಕಲಿಸಿದವಳು ನಾನು ಎಂದೆ. ಅದಕ್ಕೆ ಅವಳು ಇಲ್ಲ ಎನ್ನಲಿಲ್ಲ.

ಕಸ್ತೂರಿ ನನ್ನ ಮುಖವನ್ನು ನೋಡಿದಳು, ತಾಯಿಯ ಮುಖವನ್ನು ನೋಡಿದಳು. ಸಿಟ್ಟು ಬಂದರೆ ಬರಲಿ ಎಂದು ಕಾದೆ. ಅವಳು ಹೋಗಲಿ ಬಿಡಿ ಎನ್ನುವಂತೆ ಫಾರ್ಮನ್ನು ನನ್ನ ಕಡೆ ಸ್ವಲ್ಪ ಸರಿಸಿದಳು.

"ಜಾನೇ ದೋ ಆಂಟಿ. ಆಗೇ ಕಾ ಕಾಲಮ್ ಭರೋ."

ಮುಂದಿನ ಕಾಲಮ್ಮು ಹುಟ್ಟಿದ ತಾರೀಖು. ಅವಳು ಹೇಳಿದಳು, ಬರೆದೆ.